ಕಾಳು ಯಾವುದು, ಜೊಳ್ಳು ಯಾವುದು?

ನಮ್ಮ ಊರಿನ ಹೆಸರಿನ ಕೊನೆಗೆ ‘ಬುದ್ರುಕ’ ಅಂತ ಇದೆ. ಮೂಲದಲ್ಲಿ ಇದು ಪಾರ್ಸಿ ಶಬ್ದ. ‘ಬುಜುರ್ಗ್’ ಅಂದರೆ ಹಿರಿಯ, ದೊಡ್ಡ; ‘ಖುರ್ದ್’ ಅಂದರೆ ಚಿಕ್ಕ. ಒಂದೇ ಹೆಸರಿನ ಎರಡು ಊರಿದ್ದಲ್ಲಿ ಹಿಂದಿನ ದಫ್ತರದವರು ದೊಡ್ಡದಕ್ಕೆ ಬುದ್ರುಕ, ಸಣ್ಣದಕ್ಕೆ ಖುರ್ದ ಅಂತ ಬರೆದರು. ಬೆಳಗಾವಿ ಹತ್ತಿರ ಕಂಗ್ರಾಳಿ ಬಿ.ಕೆ., ಕಂಗ್ರಾಳಿ ಕೆ.ಎಚ್. ಅಂತ ಎರಡು ಊರು ಇವೆಯಲ್ಲ, ಅವೂ ಇದೇ ಬುದ್ರುಕ, ಖುರ್ದ. ಕನ್ನಡದವರು ‘ಹಿರೇ’, ‘ಚಿಕ್ಕ’ ಅಂತ ಹೆಸರಿನ ಮುಂದೆ ಹಚ್ಚಿದರು, ಅವರು ಹಿಂದೆ ಹಚ್ಚಿದರು, ಅಷ್ಟೇ ಫರಕು.

ಇಂಥ ಚಿಕ್ಕ ಚಿಕ್ಕ ಮಾತು ಈಗ ಎಲ್ಲೆಲ್ಲೂ ಸಿಗುತ್ತವೆ. ಸಾಲಿಯ ಪರಿಪಾಠದಲ್ಲಿ ದಿನವಿಶೇಷ, ಸುವಿಚಾರ, ಸಾಮಾನ್ಯ ಜ್ಞಾನದ ಪ್ರಶ್ನೆ. ಮನೆಗೆ ಬಂದರೆ ಫೋನಿನಲ್ಲಿ ಮತ್ತಷ್ಟು. ‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ’ ಅಂತ ಹಿರಿಯರು ಹೇಳಿದ್ದು ಸುಳ್ಳಲ್ಲ. ಆದರೆ ತೆನೆಯಲ್ಲಿ ಕಾಳು ಇರಬೇಕು. ಜೊಳ್ಳಿನಿಂದಲೂ ಬಳ್ಳ ತುಂಬುತ್ತದೆ, ಹೊಟ್ಟೆ ತುಂಬುವುದಿಲ್ಲ.

ಜೊಳ್ಳು ಯಾವುದು? ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನಲ್ಲೇ ಶ್ರೇಷ್ಠ ಅಂತ ಯುನೆಸ್ಕೋ ಸಾರಿತು ಅನ್ನುವ ಮಾತು ಎಷ್ಟು ವರ್ಷದಿಂದ ತಿರುಗುತ್ತಿದೆ! ಯುನೆಸ್ಕೋ ಹಾಗೆ ಸಾರಿಯೇ ಇಲ್ಲ. ಕನ್ನಡ 99.99ರಷ್ಟು ಪರಿಪೂರ್ಣ ಭಾಷೆ ಅಂತ ಇನ್ನೊಂದು. ಭಾಷೆಯನ್ನು ಅಳೆದವರು ಯಾರು, ಯಾವ ಸೇರಿನಿಂದ ಅಳೆದರು?

‘ಇರಲಿ ಬಿಡ್ರಿ, ಮಕ್ಕಳಿಗೆ ಅಭಿಮಾನ ಬರತದ’ ಅನ್ನುವವರಿದ್ದಾರೆ. ಅವರ ಕಳಕಳಿ ನನಗೆ ತಿಳಿಯುತ್ತದೆ. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ಅಕ್ಕಲಕೋಟ ಮುಂಬಯಿ ರಾಜ್ಯದಲ್ಲಿ ಉಳಿಯಿತು, 1960ರಲ್ಲಿ ಮಹಾರಾಷ್ಟ್ರಕ್ಕೆ ಬಂತು. ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಇಂಥಲ್ಲಿ ಬೆಳೆಯುವ ಹುಡುಗನಿಗೆ ತನ್ನ ಭಾಷೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಬೇಕೇ ಬೇಕು.

ಅದಕ್ಕೇ ಸುಳ್ಳು ಹೇಳಬಾರದು. ಆ ಹುಡುಗ ನಾಳೆ ಸೋಲಾಪುರಕ್ಕೋ ಪುಣೆಗೋ ಓದಲಿಕ್ಕೆ ಹೋಗುತ್ತಾನೆ. ಅಲ್ಲಿ ಯಾರೋ ‘ಇದು ಎಲ್ಲಿ ಬರದದ?’ ಅಂತ ಕೇಳಿದರೆ ತಲೆ ತಗ್ಗಿಸುತ್ತಾನೆ. ಆಮೇಲೆ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು ಅನ್ನುವ ಖರೇ ಮಾತಿನ ಮೇಲೂ ಅವನಿಗೆ ನಂಬಿಕೆ ಉಳಿಯುವುದಿಲ್ಲ. ಚಿಕ್ಕ ಮಕ್ಕಳಿಗೆ ಪರೀಕ್ಷಿಸಿ ನೋಡುವ ದಾರಿ ಇಲ್ಲ. ಮಾಸ್ತರರು ಹೇಳಿದ್ದಾರೆ ಅಂತಲೇ ನಂಬುತ್ತಾರೆ. ಆ ನಂಬಿಕೆ ಇಟ್ಟುಕೊಳ್ಳಲು ಕೊಟ್ಟ ಇಡಗಂಟು ಇದ್ದಂತೆ, ಖರ್ಚು ಮಾಡುವ ಹಕ್ಕು ನಮಗಿಲ್ಲ.

ಖರೇ ಮಾತಿಗೆ ನಮ್ಮಲ್ಲೇನು ಬರಗಾಲವೇ? ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮ ಕನ್ನಡದಲ್ಲಿ ವಚನ ಬರೆದದ್ದು, ಕೆರೆ ಕಟ್ಟಿಸಿದ್ದು ಇದೇ ಸೋಲಾಪುರದಲ್ಲಿ. ಆಗ ಅದಕ್ಕೆ ಸೊನ್ನಲಿಗೆ ಅಂತ ಹೆಸರು. ಭೀಮಾ, ಸೀನಾ ನದಿಗಳು ಕೂಡುವ ಹತ್ತರಸಂಗ ಕೂಡಲದಲ್ಲಿ 1018ರ ಮರಾಠಿ ಶಾಸನ ಇದೆ. ಕಾಲ ನಮೂದಿಸಿದ ಮರಾಠಿ ಶಾಸನಗಳಲ್ಲಿ ಅತಿ ಹಳೆಯವುಗಳಲ್ಲಿ ಅದೊಂದು. ಓದಿದವನು ಗೆಲ್ಲುತ್ತಾನೆ ಅನ್ನುವುದು ಅದರ ಕಡೆಯ ಮಾತಿನ ಅರ್ಥ. ಕನ್ನಡ ಸಾಲಿಯ ಮಾಸ್ತರರು ಈ ಶಾಸನದ ಸಂಗತಿ ಹೇಳಲಿ, ಮರಾಠಿ ಸಾಲಿಯ ಮಾಸ್ತರರು ಸಿದ್ಧರಾಮನ ಸಂಗತಿ ಹೇಳಲಿ. ಒಂದೇ ಓಣಿಯಲ್ಲಿ ಬಾಳುವವರಿಗೆ ಇದು ಇನ್ನೊಂದು ಧರ್ಮ: ನಮ್ಮದನ್ನು ಎತ್ತಿ ಹಿಡಿಯಲು ಅವರದನ್ನು ಕೆಳಗೆ ತಳ್ಳಬೇಕಿಲ್ಲ.

ಖರೇ ಮಾತೂ ಒಮ್ಮೊಮ್ಮೆ ತಿದ್ದುಪಡಿ ಬೇಡುತ್ತದೆ. ಕನ್ನಡದ ಮೊದಲ ಶಾಸನ ಹಲ್ಮಿಡಿಯದು ಅಂತ ನಾವೆಲ್ಲ ಕಲಿತೆವು. ಈಚೆಗೆ ತಾಳಗುಂದದ ಶಾಸನವೊಂದು ಅದಕ್ಕಿಂತ ಹಳೆಯದು ಅಂತ ಪುರಾತತ್ತ್ವ ಇಲಾಖೆಯವರು ಹೇಳಿದ್ದಾರೆ. ಹಾಗಂತ ಹಳೇ ಮಾಸ್ತರರು ಸುಳ್ಳರಾಗಲಿಲ್ಲ. ಆಗ ತಿಳಿದಷ್ಟನ್ನು ಅವರು ಪ್ರಾಮಾಣಿಕವಾಗಿ ಹೇಳಿದರು. ತಪ್ಪಾಗಬಹುದಾದ ಮಾತು ಬೇರೆ, ವಿಚಾರಿಸದೆ ಹೇಳಿದ ಮಾತು ಬೇರೆ.

ಕಣದಲ್ಲಿ ಗಾಳಿ ನೋಡಿ ರಾಶಿ ತೂರುತ್ತೇವೆ. ಮಾತು ತೂರಲಿಕ್ಕೆ ಮೂರು ಪ್ರಶ್ನೆ ಸಾಕು: ಯಾರು ಹೇಳಿದರು? ಯಾವಾಗ ಹೇಳಿದರು? ಎಲ್ಲಿ ನೋಡಬಹುದು? ದಿನವೂ ಹಲಗೆಯ ಮೇಲೆ ಒಂದು ಸಂಗತಿ ಬರೆಯುವವರು ಅದರ ಕೆಳಗೆ ಇನ್ನೊಂದು ಸಾಲು ಬರೆಯಲಿ, ಇದು ಇಂಥ ಪುಸ್ತಕದಲ್ಲಿದೆ ಅಂತ. ಪುಸ್ತಕ ಸಿಗದಿದ್ದರೆ ಆ ದಿನ ಬೇರೆ ಸಂಗತಿ ಬರೆಯಲಿ.