ಹೆಸರೆತ್ತಿ ವಂದನೆ ಹೇಳುವದು

(ಯೋಹಾನನ ಮೂರನೆಯ ಪತ್ರಿಕೆಯನ್ನು ಓದಿರಿ.)



ಹಿರಿಯನಾದ ಯೋಹಾನನು ಗಾಯನಿಗೆ ಬರೆದ ಈ ಪತ್ರಿಕೆಯು ಬಹು ಚಿಕ್ಕದು. ಆರಂಭದಲ್ಲಿ ಗಾಯನ ದೇಹಾರೋಗ್ಯಕ್ಕಾಗಿ ಪ್ರಾರ್ಥನೆಯುಂಟು. ಅಂತ್ಯದಲ್ಲಿ, ಸ್ನೇಹಿತರಿಗೆ ಒಟ್ಟಾಗಿ ಅಲ್ಲ, ಒಬ್ಬೊಬ್ಬರ ಹೆಸರೆತ್ತಿ ವಂದನೆ ಹೇಳಬೇಕೆಂಬ ಅಪ್ಪಣೆಯುಂಟು.

1989ರಲ್ಲಿ ಇಂಗ್ಲೆಂಡಿನ ಕ್ರೇಗ್ ಶೆರ್ಗೋಲ್ಡ್ ಎಂಬ ಬಾಲಕನು ಮಿದುಳಿನ ಗೆಡ್ಡೆಯಿಂದ ಬಳಲುತ್ತಿದ್ದನು. ಅವನಿಗೆ ಸಂತೋಷವಾಗಲೆಂದು ಶುಭಾಶಯದ ಕಾರ್ಡುಗಳನ್ನು ಕಳುಹಿಸುವಂತೆ ಜನರಿಗೆ ಬಿನ್ನಹ ಮಾಡಲಾಯಿತು. 1991ರೊಳಗೆ 3 ಕೋಟಿಗೂ ಮಿಕ್ಕಿ ಬಂದವು. ಅದೇ ವರುಷ ಅಮೇರಿಕದಲ್ಲಿ ಶಸ್ತ್ರಚಿಕಿತ್ಸೆಯಾಗಿ ಅವನು ಗುಣಹೊಂದಿದನು. ಸಾಕೆಂದು ಮನೆಯವರು ಬೇಡಿಕೊಂಡರೂ ಕಾರ್ಡುಗಳು ವರುಷಗಟ್ಟಲೆ ನಿಲ್ಲಲಿಲ್ಲ. ಕೈಯಿಂದ ಕೈಗೆ ದಾಟಿದ ಬಿನ್ನಹದ ಪ್ರತಿಗಳಲ್ಲಿ ಅವನ ಹೆಸರೂ ತಪ್ಪುತಪ್ಪಾಗಿ ಹೋಯಿತು. ಕಳುಹಿಸಿದವರನ್ನು ನಾನು ಹಳಿಯೆನು; ಅವರಲ್ಲಿ ಕರುಣೆಯಿತ್ತು. ಆದರೆ ಹುಡುಗನು ಸ್ವಸ್ಥನಾದದ್ದನ್ನೂ ಅರಿಯದ ಕರುಣೆ ಅದು.

ನಮ್ಮ ತಪ್ಪು ಬೇರೆ. ಸಭೆಯ ಮಗುವೊಂದು ದೂರದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದರೆ ತಂದೆಗೆ ಬರೆದು ವಿಚಾರಿಸುತ್ತೇವೆ, ಮಗುವಿಗೆ ಬರೆಯುವದಿಲ್ಲ. ಉಪದೇಶಿಗಳಾದ ನಾವೂ ಹಾಗೆಯೇ. ಕರ್ತನಾದರೋ ಯಾಯೀರನ ಮನೆಯಲ್ಲಿ ತಂದೆಗೆ ಧೈರ್ಯ ಹೇಳಿ ತೀರಿಸಲಿಲ್ಲ. ಒಳಗೆ ಹೋಗಿ ಹುಡುಗಿಯ ಕೈಹಿಡಿದು ಅವಳ ಸಂಗಡಲೇ ಮಾತಾಡಿದನು.

ಬೇಗ ಗುಣವಾಗುವಿ ಎಂದು ಮಾತು ಕೊಡಬೇಡಿರಿ. ಅದು ನಮ್ಮ ಕೈಯಲ್ಲಿಲ್ಲ, ಮಗುವೂ ಅದನ್ನು ಬಲ್ಲದು. ಮನೆಯ ಹಸು ಈದದ್ದನ್ನು, ಆದಿತ್ಯವಾರದ ಶಾಲೆಯಲ್ಲಿ ಅದರ ಸ್ಥಳವನ್ನು ಮತ್ತೊಬ್ಬರಿಗೆ ಕೊಡದೆ ಇಟ್ಟಿರುವದನ್ನು ಬರೆಯಿರಿ. ಮೇಲ್ವಿಳಾಸದಲ್ಲಿ ಮಗುವಿನ ಹೆಸರು ಮೊದಲಿರಲಿ. ಓದಲು ಬಾರದಿದ್ದರೆ ದಾದಿಯು ಓದಿ ಹೇಳುವಳು.