ಗಾಲಿ ಯಾರ ಕಣ್ಣಿಗೆ, ಕುಲುಕು ಯಾರ ಟೊಂಕಕ್ಕೆ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಕಾರಿನ ನಾಲ್ಕೂ ಟೈರುಗಳು ಸವೆದು ನುಣ್ಣಗಾಗಿದ್ದವು. ಹೇಗೂ ಟೈರಿಗೆ ದುಡ್ಡು ಹಾಕಬೇಕು, ಜೊತೆಗೆ ಗಾಲಿಗಳನ್ನೂ ಬದಲಿಸಿಬಿಡೋಣ ಎಂಬ ಆಸೆ ಹುಟ್ಟಿತು. ನನ್ನದು ಸ್ವಿಫ್ಟ್, ಕೆಳಗಿನ ಮಾದರಿ. ಅಂದರೆ 14 ಇಂಚಿನ ಕಬ್ಬಿಣದ ರಿಮ್ಮು, ಅದರ ಮೇಲೆ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಮುಚ್ಚಳ. ಅದರಲ್ಲೂ ಒಂದು ಮುಚ್ಚಳ ಮಿಯಾಪುರದ ಹತ್ತಿರ ಯಾವುದೋ ಗುಂಡಿಗೆ ಬಿದ್ದ ರಭಸಕ್ಕೆ ಹಾರಿಹೋಗಿತ್ತು. ಆ ಕಡೆಯಿಂದ ನೋಡಿದರೆ ಕಾರು ಮುಂಹಲ್ಲು ಬಿದ್ದವರಂತೆ ಕಾಣುತ್ತಿತ್ತು.

ಗಚ್ಚಿಬೌಲಿಯ ನಮ್ಮ ಆಫೀಸಿನ ಬೇಸ್‌ಮೆಂಟಿನಲ್ಲಿ ಗಾಡಿ ನಿಲ್ಲಿಸುವಾಗ ಆ ಕಡೆ ಗೋಡೆಗೆ ಬರುವಂತೆ ನಿಲ್ಲಿಸುತ್ತಿದ್ದೆ. ಯಾರೂ ನನಗೆ ಏನೂ ಅಂದವರಲ್ಲ. ಆದರೂ ಸುತ್ತ ನಿಂತ ಕಾರುಗಳ ಮಿರುಗುವ ಅಲಾಯ್ ಗಾಲಿಗಳು ನನ್ನನ್ನೇ ನೋಡುತ್ತಿವೆ ಅನಿಸುತ್ತಿತ್ತು. ಮೂವತ್ತೆಂಟರ ವಯಸ್ಸಿನಲ್ಲಿ ಇದನ್ನು ಬರೆಯಲು ನಾಚಿಕೆಯೇ. ಆದರೆ ಊರು ಬಿಟ್ಟು ಬಂದವರಿಗೆ ಈ ನಾಚಿಕೆ ತೀರಾ ಅಪರಿಚಿತವೇನಲ್ಲ ಅಂದುಕೊಂಡಿದ್ದೇನೆ.

ಅಂಗಡಿಯವನು ಒಂದು 17 ಇಂಚಿನ ಅಲಾಯನ್ನು ತಂದು ನನ್ನ ಮುಂದಿನ ಗಾಲಿಗೆ ಒರಗಿಸಿ ನಿಲ್ಲಿಸಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಲು ಹೇಳಿದ. ನೋಡಿದೆ. ನಿಜ ಹೇಳುತ್ತೇನೆ, ಅದು ನನ್ನ ಕಾರೇ ಅನಿಸಲಿಲ್ಲ. ತಮ್ಮನ ಮದುವೆಯಲ್ಲಿ ಬಾಡಿಗೆ ಶೇರ್ವಾನಿ ಹಾಕಿಕೊಂಡು ಕನ್ನಡಿ ನೋಡಿಕೊಂಡಾಗ ಹೀಗೇ ಆಗಿತ್ತು.

ಮನೆಗೆ ಬಂದು ಲೆಕ್ಕ ಹಾಕುತ್ತ ಕೂತೆ. ಟೈರಿನ ಮೈಮೇಲೆ ಬರೆದ ಅಂಕಿಗಳನ್ನು ಅಲ್ಲಿಯವರೆಗೆ ಓದಿರಲೇ ಇಲ್ಲ. 165/80 ಆರ್14 ಎಂದಿದ್ದರೆ, ಟೈರಿನ ಅಗಲ 165 ಮಿಲಿಮೀಟರು. ಆ ಅಗಲದ ಶೇಕಡಾ 80, ಅಂದರೆ 132 ಮಿಲಿಮೀಟರು, ರಿಮ್ಮಿಗೂ ರಸ್ತೆಗೂ ನಡುವೆ ಇರುವ ರಬ್ಬರಿನ ಎತ್ತರ. 14 ಎಂಬುದು ರಿಮ್ಮಿನ ಇಂಚು. ಎಲ್ಲ ಕೂಡಿಸಿದರೆ ಗಾಲಿಯ ಒಟ್ಟು ವ್ಯಾಸ 62 ಸೆಂಟಿಮೀಟರಿನಷ್ಟು. ಇದೇ ಕಾರಿನ ಮೇಲಿನ ಮಾದರಿಗೆ ಕಂಪನಿಯೇ ಕೊಡುವುದು 185/65 ಆರ್15. ರಬ್ಬರಿನ ಎತ್ತರ 120 ಮಿಲಿಮೀಟರು, ಒಟ್ಟು ವ್ಯಾಸ ಮತ್ತೆ ಅದೇ 62 ಸೆಂಟಿಮೀಟರು. ಅಂಗಡಿಯವನು ತೋರಿಸಿದ 17ಕ್ಕೆ 205/45ರ ಟೈರು. ರಬ್ಬರು 92 ಮಿಲಿಮೀಟರಿಗೆ ಇಳಿಯುತ್ತದೆ. ವ್ಯಾಸ ಆಗಲೂ 62ರ ಆಸುಪಾಸೇ.

ವ್ಯಾಸ ಬದಲಾಗದಿರುವುದಕ್ಕೆ ಕಾರಣವಿದೆ. ಗಾಲಿಯ ಮೇಲಿನ ಕಮಾನಿನಲ್ಲಿ ಇರುವ ಜಾಗ ಅಷ್ಟೇ. ಸ್ಪೀಡೋಮೀಟರು ವೇಗ ತೋರಿಸುವುದು ಗಾಲಿ ಎಷ್ಟು ಸುತ್ತು ತಿರುಗಿತು ಎಂಬ ಲೆಕ್ಕದ ಮೇಲೆ. ಗಾಲಿಯೇ ದೊಡ್ಡದಾದರೆ ಅದು ಸುಳ್ಳು ಹೇಳಲು ಶುರುಮಾಡುತ್ತದೆ. ಆದ್ದರಿಂದ ನಾವು 'ದೊಡ್ಡ ಗಾಲಿ' ಎಂದು ದುಡ್ಡು ಕೊಟ್ಟು ತರುವುದು ದೊಡ್ಡ ಗಾಲಿಯನ್ನಲ್ಲ. ಗಾಲಿ ಇದ್ದಷ್ಟೇ ಇರುತ್ತದೆ. ಒಳಗಿನ ಲೋಹ ಬೆಳೆಯುತ್ತದೆ, ಹೊರಗಿನ ರಬ್ಬರೂ ಅದರೊಳಗಿನ ಗಾಳಿಯೂ ಕರಗುತ್ತವೆ. 14ರಿಂದ 17ಕ್ಕೆ ಹೋದರೆ ಎರಡು ಬೆರಳಿನಷ್ಟು ಮೆತ್ತನೆಯನ್ನು ಕಳೆದುಕೊಳ್ಳುತ್ತೇವೆ, ಅದಕ್ಕೆ ಹೆಚ್ಚಿನ ದುಡ್ಡನ್ನೂ ತೆರುತ್ತೇವೆ.

ಈ ಮೆತ್ತನೆಗೆ ಒಂದು ಕತೆ ಇದೆ. ಬೆಲ್‌ಫಾಸ್ಟಿನಲ್ಲಿ ಜಾನ್ ಬಾಯ್ಡ್ ಡನ್ಲಪ್ ಎಂಬ ದನದ ಡಾಕ್ಟರಿದ್ದ. ಅವನ ಮಗನ ಮೂರು ಚಕ್ರದ ಸೈಕಲ್ಲು ಕಲ್ಲುಹಾಸಿನ ಬೀದಿಯಲ್ಲಿ ವಿಪರೀತ ಕುಲುಕುತ್ತಿತ್ತು. ಹುಡುಗನಿಗಾಗಿ ಅಪ್ಪ ರಬ್ಬರಿನ ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದ. 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ನಮ್ಮ ಕಡೆ ಕಟ್ಟಿಗೆಯ ಗಾಲಿಗೆ ಕಬ್ಬಿಣದ ಪಟ್ಟಿ ಬಡಿದ ಬಂಡಿ ಹೋಗಿ ಟೈರಿನ ಬಂಡಿ ಬಂದಾಗ ಜನ ಅದನ್ನು 'ಡನ್ಲಪ್ ಗಾಡಿ' ಎಂದು ಕರೆದದ್ದು ಅವನ ಹೆಸರಿನಿಂದಲೇ. ಗಾಳಿ ತುಂಬಿದ ಟೈರು ಹೀಗೆ ಒಬ್ಬ ಅಪ್ಪ ಮಗನ ಬೆನ್ನಿನ ಬಗ್ಗೆ ಯೋಚಿಸಿದ್ದರಿಂದ ಬಂದದ್ದು. ರಬ್ಬರು ತೆಳುವಾದಷ್ಟೂ ನಾವು ಹಳೆಯ ಕಬ್ಬಿಣದ ಪಟ್ಟಿಯ ಕಡೆಗೆ ಒಂದೊಂದು ಹೆಜ್ಜೆ ವಾಪಸು ಹೋಗುತ್ತೇವೆ.

ಇಷ್ಟೆಲ್ಲ ಕಾಗದದ ಮೇಲಿನ ಲೆಕ್ಕ. ಅದು ಮೈಗೆ ಹತ್ತಿದ್ದು ಆಮೇಲೆ.

ನಮ್ಮೂರು ಭಾಲ್ಕಿ ತಾಲೂಕಿನಲ್ಲಿ. ಅವ್ವನಿಗೆ ಬೆನ್ನಿನ ತೊಂದರೆ, ಮೂರು ತಿಂಗಳಿಗೊಮ್ಮೆ ಹೈದರಾಬಾದಿಗೆ ಕರೆತಂದು ತೋರಿಸಬೇಕು. ಆ ಸಲ ನನ್ನ ಟೈರುಗಳ ಮೇಲೆ ಭರವಸೆ ಇರಲಿಲ್ಲ. ನನ್ನದೇ ಕಾರನ್ನು ಇಟ್ಟುಕೊಂಡು, ಅದಕ್ಕೆ ಇದೇ 17ರ ಅಲಾಯ್ ಹಾಕಿಸಿಕೊಂಡಿರುವ ಗೆಳೆಯನೊಬ್ಬನಿದ್ದಾನೆ. ಅವನ ಗಾಡಿ ಕೇಳಿ ತಗೊಂಡು ಹೋದೆ. ಗಚ್ಚಿಬೌಲಿಯಲ್ಲಿ ಹೊರವರ್ತುಲ ರಸ್ತೆ ಹತ್ತಿದ ಮೇಲೆ ಪಟಾನ್‌ಚೆರು ಇಳಿಯುವವರೆಗೂ ನಾನು ಸುಖದಲ್ಲಿದ್ದೆ. ಅಲಾಯ್ ಹಾಕಿಸುವವರೆಲ್ಲ ಬರೀ ಷೋಕಿಯವರು ಎನ್ನುವುದು ತಪ್ಪು. ತೆಳ್ಳಗಿನ ರಬ್ಬರು ಪಕ್ಕಕ್ಕೆ ಬಾಗುವುದಿಲ್ಲ, ಆದ್ದರಿಂದ ಸ್ಟೇರಿಂಗ್ ಸ್ವಲ್ಪ ತಿರುಗಿಸಿದರೂ ಕಾರು ತಕ್ಷಣ ಮಾತು ಕೇಳುತ್ತದೆ. ಅಗಲದ ಟೈರು ಒಣ ರಸ್ತೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನನ್ನ ಕಾರಿನಲ್ಲಿ ತಿರುವಿಗೆ ಬಂದಾಗ ಆಗುವ ಸಣ್ಣ ತೂಗಾಟ ಇದರಲ್ಲಿ ಇರಲೇ ಇಲ್ಲ.

ಜಹೀರಾಬಾದಿನಲ್ಲಿ ಹೆದ್ದಾರಿ ಬಿಟ್ಟು ಬೀದರಿನ ದಾರಿ ಹಿಡಿದು, ಭಾಲ್ಕಿ ದಾಟಿ ನಮ್ಮೂರ ರಸ್ತೆಗೆ ಹೊರಳಿದೆ. ಕಾರು ರಸ್ತೆಯ ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಓದತೊಡಗಿತು. ಹೋಗುವಾಗ ಒಬ್ಬನೇ ಇದ್ದೆ, ಸಹಿಸಿಕೊಂಡೆ. ಬರುವಾಗ ಹಿಂದೆ ಅವ್ವ ಇದ್ದಳು. ಬಾಗಿಲ ಮೇಲಿನ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ಗುಂಡಿ ಬರುವ ಮೊದಲೇ ಮೈ ಎತ್ತಿ ಎತ್ತಿ ಕೂರುತ್ತಿದ್ದುದು ಕನ್ನಡಿಯಲ್ಲಿ ಕಾಣುತ್ತಿತ್ತು. ಒಂದು ಮಾತೂ ಆಡಲಿಲ್ಲ. ಸಂಗಾರೆಡ್ಡಿ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಇಳಿಯಲು ಅವಳಿಗೆ ಎಷ್ಟೋ ಹೊತ್ತು ಹಿಡಿಯಿತು. ಇಳಿದು ನಿಂತವಳು ಕಾರನ್ನು ಒಮ್ಮೆ ಸುತ್ತಿ ನೋಡಿದಳು. ಯಾಕೆ ನೋಡಿದಳು ಎಂದು ಆಗ ನಾನು ಯೋಚಿಸಲಿಲ್ಲ.

ಆ ರಾತ್ರಿ ನನ್ನನ್ನು ಹಿಡಿದ ಪ್ರಶ್ನೆ ಇದು. ಕಾರು ಓಡಿಸುವವನಿಗೆ ತನ್ನ ಗಾಲಿ ಕಾಣುವುದಿಲ್ಲ. ಸೀಟಿನ ಬಟ್ಟೆಯನ್ನು, ಸ್ಟೇರಿಂಗನ್ನು, ಹಾಡಿನ ಡಬ್ಬಿಯನ್ನು ನನಗಾಗಿ ತಂದೆ ಎಂದು ವಾದಿಸಬಹುದು. ಗಾಲಿಯನ್ನು ತರುವುದು ಹೊರಗೆ ನಿಂತವರ ಕಣ್ಣಿಗೆ. ಅದರ ಕುಲುಕು ಒಳಗೆ ಕೂತವರ ಮೈಗೆ. ನೋಡಿ ಮೆಚ್ಚುವವನು ಸಿಗ್ನಲ್ಲಿನಲ್ಲಿ ಅರ್ಧ ನಿಮಿಷ ಪಕ್ಕಕ್ಕೆ ನಿಂತ ಅಪರಿಚಿತ, ಅದರ ಬೆಲೆ ತೆರುವವಳು 180 ಕಿಲೋಮೀಟರು ಹಿಂದಿನ ಸೀಟಿನಲ್ಲಿ ಕೂತ ಅವ್ವ. ನನ್ನ ದುಡ್ಡು, ನನ್ನ ಗಾಡಿ ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ದುಡ್ಡು ನನ್ನದಿರಬಹುದು, ಬೆನ್ನು ನನ್ನದಲ್ಲ.

ಇದು ಗಾಲಿಯ ವಿಷಯದಲ್ಲಿ ಮಾತ್ರವೇ? ನಾವು ಬಾಡಿಗೆಗೆ ಹಿಡಿಯುವ ಫ್ಲ್ಯಾಟು, ಮಕ್ಕಳನ್ನು ಹಾಕುವ ಶಾಲೆ, ಯಾವ ಮಾತನ್ನು ಮನೆಯಲ್ಲಿ ಆಡುತ್ತೇವೆ ಎನ್ನುವುದೂ ಹಾಗೆಯೇ. ಎಷ್ಟೋ ತೀರ್ಮಾನಗಳು ಹೊರಗಿನ ಕಣ್ಣಿಗೆ, ಅದರ ಕುಲುಕು ಒಳಗಿನವರಿಗೆ. ಈ ದಾರಿಯಲ್ಲಿ ಹೋದರೆ ಗಾಲಿ ಮರೆತೇಹೋಗುತ್ತದೆ, ಬಿಡಿ.

ಮರುವಾರ ಅಂಗಡಿಗೆ ಹೋದಾಗ ಅಲ್ಲಿಯ ಹಿರಿಯ ಮೆಕ್ಯಾನಿಕ್ ನನ್ನ ಪರದಾಟವನ್ನು ಕೇಳಿ, ಸ್ಪ್ಯಾನರನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಹೇಳಿದ್ದು ಒಂದೇ ಮಾತು: "ಸಾಬ್, ಶೋ ಹೋನಾ ಕಿ ಸಫರ್ ಹೋನಾ?" ಬೇಕು ಎನ್ನಲು ದಖನಿಯಲ್ಲಿ 'ಹೋನಾ' ಎಂದೇ ಅನ್ನುವುದು, ಬೀದರಿನವನಾದ ನನಗೆ ಅದು ಮನೆಯ ಮಾತಿನಷ್ಟೇ ಹತ್ತಿರ. ನೋಟ ಬೇಕೋ, ಪ್ರಯಾಣ ಬೇಕೋ. ಗುಂಡಿಗೆ ಬಿದ್ದು ಸೊಟ್ಟಗಾದ ಕಬ್ಬಿಣದ ರಿಮ್ಮನ್ನು ಬಡಿದು ಸರಿಮಾಡಬಹುದು, ಅಲಾಯ್ ಒಮ್ಮೆ ಸೀಳಿದರೆ ಅದನ್ನು ನಂಬಿ ಓಡಿಸುವಂತಿಲ್ಲ ಎಂದೂ ಅವನೇ ಹೇಳಿದ. ತೆಳು ಟೈರು ಗುಂಡಿಯ ಅಂಚಿಗೆ ಬಡಿದಾಗ ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕು ಪಕ್ಕದಲ್ಲಿ ಉಬ್ಬಿ ಬಂದಿದ್ದ ಒಂದು ಟೈರನ್ನು ಮೂಲೆಯಿಂದ ಎಳೆದು ತೋರಿಸಿದ. ಅಲಾಯ್ ಎಂದರೆ ಹಗುರ ಎಂದು ನಾನು ನಂಬಿದ್ದೆ. ಒಂದೇ ಅಳತೆಯಾದರೆ ಸಾಮಾನ್ಯವಾಗಿ ಹೌದು, ಆದರೆ ಅಗ್ಗದ 17ರದ್ದು ನನ್ನ 14ರ ಕಬ್ಬಿಣಕ್ಕಿಂತ ಭಾರವಿರಬಹುದು. ಎರಡನ್ನೂ ಎತ್ತಿ ನೋಡಲು ಹೇಳಿದ. ಎತ್ತಿದೆ, ಗೊತ್ತಾಯಿತು.

ಕಾನೂನಿನ ಮಾತೂ ಬಂತು. ತಯಾರಕರು ಕೊಟ್ಟ ವಿವರಕ್ಕೆ ಹೊರತಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 15ರದ್ದು ಕಂಪನಿಯೇ ಮೇಲಿನ ಮಾದರಿಗೆ ಕೊಟ್ಟ ಅಳತೆ. ನಡುವೆ 16 ಹಾಕಿಸಿ ಬುದ್ಧನ ಮಧ್ಯಮಮಾರ್ಗ ಅನ್ನು ಎಂದು ಗೆಳೆಯ ನಕ್ಕ. 15ನ್ನೇ ಹಾಕಿಸಿದೆ, ಸಾದಾ ಅಲಾಯ್. ಅವ್ವನ ಸಲುವಾಗಿ ಆಸೆ ಬಿಟ್ಟೆ ಎಂಬ ಸಣ್ಣದೊಂದು ಹೆಮ್ಮೆಯೂ ಇತ್ತು.

ಮುಂದಿನ ಸಲ ಊರಿಗೆ ಹೋದಾಗ ಅವ್ವ ಕಾರಿನ ಸುತ್ತ ಒಂದು ಸುತ್ತು ಬಂದಳು.

"ಆ ಗೆಳೆಯನ ಗಾಡಿ ಗಾಲಿ ಛಂದ ಇದ್ದವಲ್ಲ ತಮ್ಮಾ. ಅಂಥವೇ ಹಾಕ್ಸಬೇಕಿತ್ತು."

"ನಿನ್ ಟೊಂಕಕ್ಕ ತ್ರಾಸ ಆಗ್ತದಂತ ಹಾಕ್ಸಲಿಲ್ಲವ್ವಾ."

"ನನ್ ಟೊಂಕ ನನಗ ಗೊತ್ತದ. ನೀ ನನ್ ಕೇಳಿದ್ದೇನು?"

ಕೇಳಿರಲಿಲ್ಲ. ಇಡೀ ರಾತ್ರಿ ಯೋಚಿಸಿದವನಿಗೆ ಅದೊಂದು ಹೊಳೆದಿರಲಿಲ್ಲ. ಸಂಗಾರೆಡ್ಡಿಯಲ್ಲಿ ಅವಳು ಕಾರನ್ನು ಸುತ್ತಿ ನೋಡಿದ್ದು ಇದಕ್ಕೇ. ಈ ಮಗನನ್ನು ಓದಿಸಲು ಅವಳು ಮಾಡಿದ ಕೂಲಿಯನ್ನು, ಕಟ್ಟೆಯ ಮೇಲೆ ಕೂತವರು ಆಡಿದ ಮಾತುಗಳನ್ನು ನಾನು ಬಲ್ಲೆ. ಅದೇ ಕಟ್ಟೆಯ ಮುಂದೆ ಕಾರು ನಿಂತಾಗ ಜನ ಮೊದಲು ನೋಡುವುದು ಗಾಲಿಯನ್ನೇ. ಹೊರಗಿನ ಅಪರಿಚಿತನ ಕಣ್ಣು ಎಂದು ನಾನು ತಳ್ಳಿಹಾಕಿದ್ದು ಅವಳ ಪಾಲಿಗೆ ಅಪರಿಚಿತವಾಗಿರಲಿಲ್ಲ. ಅವಳು ಹೆಸರು ಹಿಡಿದು ಕರೆಯಬಲ್ಲ ಕಣ್ಣುಗಳು ಅವು.

ಥಾರ್‌ಸ್ಟೈನ್ ವೆಬ್ಲನ್ 1899ರಲ್ಲಿ ಬರೆದ ಪುಸ್ತಕದಲ್ಲಿ, ತೋರಿಸಿಕೊಳ್ಳಲೆಂದೇ ಮಾಡುವ ಖರ್ಚನ್ನು ಬಿಚ್ಚಿಟ್ಟ. ಅವನು ಬರೆದದ್ದು ದುಡಿಯಬೇಕಿಲ್ಲದ ಶ್ರೀಮಂತರನ್ನು ಮುಂದಿಟ್ಟುಕೊಂಡು. ನಾವು ಓದಿದವರು ಅದೇ ಕೋಲಿನಿಂದ ಎಲ್ಲರನ್ನೂ ಅಳೆಯುತ್ತೇವೆ. ನನಗೆ ಆ ಅಳತೆ ಅವ್ವನಿಗೆ ಕೂಡುತ್ತದೆ ಅನಿಸುವುದಿಲ್ಲ. ಅವಳು ಯಾರನ್ನೂ ಕೀಳಾಗಿಸಲು ಹೊರಟಿಲ್ಲ, ಹಳೆಯ ಲೆಕ್ಕವೊಂದನ್ನು ಚುಕ್ತಾ ಮಾಡಬೇಕಾಗಿದೆ ಅಷ್ಟೆ. ಹಾಗೆಂದು ಅವಳ ಬೆನ್ನು ನೋಯುವುದಿಲ್ಲವೆಂದಲ್ಲ. ನೋಯುತ್ತದೆ. ಆ ನೋವಿಗೆ ಪ್ರತಿಯಾಗಿ ಏನು ಸಿಗಬೇಕೆಂದು ಹೇಳುವ ಹಕ್ಕು ಯಾರದು ಎಂಬುದೇ ನನಗೆ ಈಗ ಉಳಿದಿರುವ ತೊಡಕು. ಅವಳ ಹೆಸರಿನಲ್ಲಿ ನಾನು ತ್ಯಾಗ ಮಾಡಿದೆ, ಅವಳ ಮಾತು ಕೇಳದೆ. ಗೆಳೆಯ ತನ್ನ ಷೋಕಿಗಾಗಿ ಹಾಕಿಸಿಕೊಂಡ 17ಕ್ಕಿಂತ ನನ್ನ 15 ಎಷ್ಟು ಮೇಲು?

ಆಸ್ಪತ್ರೆಯ ಕೆಲಸ ಬೇಗ ಮುಗಿದ ಒಂದು ದಿನ ಅವಳನ್ನು ಚೌಮಹಲ್ಲಾ ಅರಮನೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ನಿಜಾಮರ ಹಳದಿ ರೋಲ್ಸ್ ರಾಯ್ಸ್ ಇದೆ, 1912ರ ಸಿಲ್ವರ್ ಘೋಸ್ಟ್. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಮಾಡಿಸಲು ಹೇಳಿದ ಕಾರು. ಅದು ಬರುವ ಮೊದಲೇ, 1911ರಲ್ಲಿ, ಅವರು ತೀರಿಕೊಂಡರು. ಕಾರು ಮಗ ಉಸ್ಮಾನ್ ಅಲಿ ಖಾನರ ಕಾಲಕ್ಕೆ ಬಂತು. ಹಿಂದಿನ ಸೀಟು ಸಿಂಹಾಸನದ ಹಾಗೆ ಎತ್ತರಕ್ಕಿದೆ, ಕೂತವರು ಜನರಿಗೆ ಕಾಣಲಿ ಎಂದು. ಮೆರವಣಿಗೆಗಷ್ಟೇ ಹೊರಬರುತ್ತಿದ್ದ ಅದು ಓಡಿದ್ದು ಕೆಲವೇ ನೂರು ಮೈಲಿ ಎನ್ನುತ್ತಾರೆ. ಶೋಗೆಂದೇ ಹುಟ್ಟಿದ ಗಾಡಿ ಎಂದು ಅವ್ವನಿಗೆ ವಿವರಿಸಿ, ನನ್ನ ವಾದಕ್ಕೆ ಸಾಕ್ಷಿ ಸಿಕ್ಕಿತೆಂದು ಅವಳ ಮುಖ ನೋಡಿದೆ.

ಅವಳು ಹಗ್ಗದ ಈಚೆ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ, "ತೇರಿನಂಗ ಅದ" ಅಂದಳು. "ತೇರು ದಿನಾ ಎಳೀತಾರೇನು?"

ವಾಪಸು ಬರುವಾಗ ಮೆಹದಿಪಟ್ಟಣಂ ದಾಟುವ ತನಕ ಸುಮ್ಮನಿದ್ದಳು. ನನ್ನ 15ರ ಗಾಲಿಗಳು ಗುಂಡಿಗಳನ್ನು ಮೆಲ್ಲಗೆ ನುಂಗುತ್ತಿದ್ದವು, ಹಿಡಿಕೆಯನ್ನು ಅವಳು ಒಂದೇ ಕೈಯಿಂದ ಹಿಡಿದಿದ್ದಳು. ಆಮೇಲೆ ನನ್ನ ಸೀಟಿನ ಹಿಂದೆ ಮುಂಬಾಗಿ ಹೇಳಿದಳು:

"ತಂಗಿ ಮಗಳ ಲಗ್ನ ಮೇದಾಗ ಅದ. ಅವತ್ತೊಂದಿನ ಆ ಗೆಳೆಯನ ಗಾಡಿ ಕೇಳ್ಕೊಂಡು ಬಾ. ಊರ ಹತ್ರ ಬಂದ್ಮ್ಯಾಗ ಮೆಲ್ಲಕ ನಡಸು."

ಗೆಳೆಯನನ್ನು ಇನ್ನೂ ಕೇಳಬೇಕು.