ಅಗ್ಗದ ಪ್ರವಾಸಕ್ಕೆ ಬೆಲೆ ತೆರುವವರು ಯಾರು?

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನಮ್ಮದು ಐದು ಜನರ ಮನೆ. ಗಂಡ, ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಹೈಸ್ಕೂಲಿನ ಮಗ ಮತ್ತು ಎಪ್ಪತ್ತು ದಾಟಿದ ಅಜ್ಜಿ. ಒಬ್ಬರ ಸಂಬಳ ಮತ್ತು ಮಹಡಿಯ ಮೇಲಿನ ಎರಡು ಕೋಣೆಗಳ ಬಾಡಿಗೆ, ಇಷ್ಟೇ ನಮ್ಮ ಆದಾಯ. ಒಂದು ಭಾನುವಾರ ಸಂಜೆ ನಾವು ಕೂತು ಒಂದು ನಿರ್ಧಾರಕ್ಕೆ ಬಂದೆವು. ಜೀವನದಲ್ಲಿ ಒಮ್ಮೆಯಾದರೂ ಎಲ್ಲರೂ ಜೊತೆಯಾಗಿ ಹೊರದೇಶ ನೋಡಬೇಕು. ಬೆಂಗಳೂರಿನಿಂದ ಕೌಲಾಲಂಪುರಕ್ಕೆ ವಿಮಾನ, ಅಲ್ಲಿಂದ ಬಸ್ಸಿನಲ್ಲಿ ಪೆನಾಂಗ್, ಆಮೇಲೆ ರೈಲು ಹಿಡಿದು ಥಾಯ್ಲೆಂಡಿನ ದಕ್ಷಿಣ ಭಾಗ. 2023ರ ಡಿಸೆಂಬರ್‌ನಲ್ಲಿ ಮಲೇಷ್ಯಾ ಭಾರತೀಯರಿಗೆ 30 ದಿನಗಳ ವೀಸಾ ವಿನಾಯಿತಿ ಜಾರಿಗೆ ತಂದದ್ದು ನಮ್ಮಂಥವರಿಗೆ ಧೈರ್ಯ ತಂದಿತ್ತು.

ಮಗಳು ನೋಟ್‌ಬುಕ್ ತೆರೆದಳು. ಪಾಸ್‌ಪೋರ್ಟಿಗೆ ದೊಡ್ಡವರಿಗೆ ತಲಾ 1,500 ರೂಪಾಯಿ, ಹುಡುಗನಿಗೆ 1,000. ಟಿಕೆಟ್, ವಸತಿ, ಊಟ, ಓಡಾಟ, ಕಷ್ಟಕಾಲಕ್ಕೆಂದು ಒಂದಿಷ್ಟು. ಎಲ್ಲ ಸೇರಿ 2,40,000 ರೂಪಾಯಿ. 30 ತಿಂಗಳಲ್ಲಿ ಕೂಡಿಸಬೇಕೆಂದರೆ ತಿಂಗಳಿಗೆ 8,000. ಸಾಲ ಮಾಡಬಾರದು ಎಂಬ ವಿಷಯದಲ್ಲಿ ನಮ್ಮಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಈಗ ಹೋಗಿ ಬನ್ನಿ, ಆಮೇಲೆ ಕಂತು ಕಟ್ಟಿ ಎನ್ನುವ ಜಾಹೀರಾತುಗಳು ದಿನವೂ ಕಣ್ಣಿಗೆ ಬೀಳುತ್ತವೆ. ಅದಕ್ಕೆ ಮರುಳಾಗದೆ, ದುಡಿದು ಕೂಡಿಟ್ಟು ಹೋಗುತ್ತಿದ್ದೇವೆ ಎಂಬ ಹೆಮ್ಮೆಯೂ ನಮಗಿತ್ತು.

ಮೂರು ತಿಂಗಳು ಎಲ್ಲವೂ ಸರಿಯಾಗಿ ನಡೆಯಿತು. 24,000 ರೂಪಾಯಿ ಕೈಗೂಡಿತು. ಒಂದು ದಿನ ಬೆಳಿಗ್ಗೆ, ಮೊದಲು ನಮ್ಮ ಮನೆಯಲ್ಲಿ ಪಾತ್ರೆ ತಿಕ್ಕಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ಬಾಗಿಲಲ್ಲಿ ಕೂತಿದ್ದ ಅಜ್ಜಿಯನ್ನು ಕಂಡು ನಿಂತಳು. ಕುಶಲ ಕೇಳಿದ ಮೇಲೆ ಮೆಲ್ಲನೆ ಅಂದಳು: "ಅಮ್ಮಾ, ನೀವೆಲ್ಲ ಊರು ನೋಡಾಕ ಹೋಗ್ತೀರಂತ. ಅದಕ್ಕ ನನ್ನ ಕೆಲ್ಸದಿಂದ ಬಿಡ್ಸಿದ್ರೇನ್ರಿ?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದರೆ ಒಳಗಿದ್ದ ನಮಗೆಲ್ಲ ಅದು ಕೇಳಿಸಿತು. ಉತ್ತರ ಮಾತ್ರ ಯಾರ ಬಳಿಯೂ ಇರಲಿಲ್ಲ.

ನೋಟ್‌ಬುಕ್ಕಿನಲ್ಲಿ ಇಲ್ಲದ ಕಾಲಂ

ಅಂದು ರಾತ್ರಿ ನೋಟ್‌ಬುಕ್ಕನ್ನು ಮತ್ತೆ ತೆರೆದೆವು. ತಿಂಗಳ 8,000 ರೂಪಾಯಿ ಎಲ್ಲಿಂದ ಬಂದಿತ್ತು? ಮನೆಗೆಲಸದಾಕೆಯ ಸಂಬಳ 2,000. ಹಾಲು, ಹಣ್ಣು, ಮಾಂಸದಲ್ಲಿ ಕಡಿತ 1,800. ಮಗಳ ಕಂಪ್ಯೂಟರ್ ತರಗತಿ 1,500. ಬಟ್ಟೆಬರೆ 1,200. ನೆಂಟರಿಷ್ಟರ ಉಡುಗೊರೆ ಮತ್ತು ದಾನಧರ್ಮ 1,000. ಅಜ್ಜಿಯ ಕೈಖರ್ಚು 500.

ಮೊತ್ತ ಸರಿಯಾಗಿಯೇ ಇತ್ತು. ಎಷ್ಟು ಎಂಬ ಕಾಲಂ ಇತ್ತು, ಯಾವುದರಿಂದ ಎಂಬ ಕಾಲಂ ಇತ್ತು. ಯಾರಿಂದ ಎಂಬ ಕಾಲಂ ಮಾತ್ರ ಇರಲಿಲ್ಲ. ಅದನ್ನು ಬರೆದಾಗ ಮನೆಯ ನಿಜವಾದ ಚಿತ್ರ ಹೊರಬಂತು. ಕೆಲಸದಾಕೆಯನ್ನು ಬಿಡಿಸಿದಾಗ ಪಾತ್ರೆ, ಬಟ್ಟೆಯೇನೂ ಕಡಿಮೆಯಾಗಿರಲಿಲ್ಲ. ಆ ಕೆಲಸ ಮನೆಯ ಹೆಂಗಸಿನ ಮತ್ತು ಮಗಳ ಹೆಗಲಿಗೆ ಬಿದ್ದಿತ್ತು. ನಾವು ಉಳಿತಾಯ ಎಂದು ಬರೆದುಕೊಂಡದ್ದು ವಾಸ್ತವದಲ್ಲಿ ಒಬ್ಬಳ ಸಂಬಳ ಮತ್ತು ಇನ್ನಿಬ್ಬರ ಕೂಲಿಯಿಲ್ಲದ ದುಡಿಮೆ. ಹಾಲು ಕಡಿಮೆಯಾದಾಗ ಯಾರ ಲೋಟದಲ್ಲಿ ಕಡಿಮೆಯಾಯಿತೆಂದು ಕೇಳಿದರೆ, ಕೊನೆಗೆ ಉಣ್ಣುವವರ ಲೋಟದಲ್ಲಿ. ಇನ್ನು ಸಂಜೆ ಗೆಳೆಯರೊಂದಿಗೆ ಹೋಟೆಲಿನ ಒಗ್ಗಾಣಿ-ಮಿರ್ಚಿ ಮತ್ತು ಚಹಾ, ಎರಡು ಓಣಿ ದಾಟಲೂ ಬೈಕ್, ಮಗನ ಮೊಬೈಲಿನ ರೀಚಾರ್ಜ್, ಇವು ಯಾವುವೂ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಪಟ್ಟಿ ಮಾಡುವಾಗ ಅವು ಯಾರಿಗೂ ನೆನಪಾಗಿರಲಿಲ್ಲ. ಅಧಿಕಾರ ಇರುವವರ ಖರ್ಚು ಯಾವಾಗಲೂ ಅಗತ್ಯವಾಗಿಯೇ ಕಾಣುತ್ತದೆ.

ಉಳಿತಾಯ ಒಂದು ಸದ್ಗುಣ ಎಂದು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಆದರೆ ಅದು ತನ್ನಷ್ಟಕ್ಕೆ ತಾನೇ ಸದ್ಗುಣವಲ್ಲ. ಪ್ರತಿಯೊಂದು ಉಳಿತಾಯದ ಹಿಂದೆ ಯಾರೋ ಒಬ್ಬರು ಏನನ್ನೋ ಬಿಟ್ಟಿರುತ್ತಾರೆ. ಬಿಟ್ಟವರು ತಾವಾಗಿ ಬಿಟ್ಟರೇ ಅಥವಾ ಅವರಿಂದ ಬಿಡಿಸಲಾಯಿತೇ ಎಂಬುದರ ಮೇಲೆ ಅದರ ಯೋಗ್ಯತೆ ನಿಂತಿದೆ.

ಪ್ರವಾಸ ದುಂದುವೆಚ್ಚವೇ?

ಇಷ್ಟೆಲ್ಲ ಯಾಕೆ, ಬಡವರಿರುವ ಊರಿನಲ್ಲಿ ಪ್ರವಾಸವೇ ದುಂದುವೆಚ್ಚ, ಬಿಟ್ಟುಬಿಡಿ ಎಂದು ಹೇಳುವವರಿದ್ದಾರೆ. ಇದನ್ನು ನಾವು ಒಪ್ಪುವುದಿಲ್ಲ. ಭೂಮಿಯಲ್ಲಿ ಸಂಚರಿಸಿ, ನೋಡಿ, ಆಲೋಚಿಸಿ ಎಂಬುದು ಕುರ್‌ಆನ್ ಮತ್ತೆ ಮತ್ತೆ ನೀಡುವ ಕರೆ. ನಮ್ಮ ನಾಡಿನ ಚರಿತ್ರೆಯನ್ನೇ ನೋಡೋಣ. ಮೊರಾಕ್ಕೋದ ಟ್ಯಾಂಜಿಯರಿನಿಂದ 1325ರಲ್ಲಿ ಹೊರಟ ಇಬ್ನ್ ಬತೂತ 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೆ ಬಂದ. ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡುದಾಗಿ ಬರೆಸಿದ. ಹೆರಾತಿನ ದೊರೆ ಶಾರುಖ್‌ನ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ವಿಜಯನಗರಕ್ಕೆ ಬಂದ. ನಮ್ಮೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಹಂಪಿ ತನ್ನ ವೈಭವದ ದಿನಗಳಲ್ಲಿ ಹೇಗಿತ್ತು ಎಂಬುದನ್ನು ನಾವು ತಿಳಿಯುವುದು ಇಂಥ ಪರದೇಶಿಗಳ ಕಣ್ಣಿನಿಂದ. ಅವರು ಮನೆಯಲ್ಲೇ ಉಳಿದಿದ್ದರೆ ನಮ್ಮ ಊರು ನಮಗೇ ಅಷ್ಟು ಗೊತ್ತಾಗುತ್ತಿರಲಿಲ್ಲ. ನಾವು ವಾಸಿಸುವ ಬ್ರೂಸ್‌ಪೇಟೆಯ ಹೆಸರೂ ಸಮುದ್ರ ದಾಟಿ ಬಂದ ಒಬ್ಬ ಬ್ರಿಟಿಷ್ ಅಧಿಕಾರಿಯದು.

ಆದರೆ ಆ ಮಹಾಪ್ರವಾಸಿಗರ ಕಥೆಗೆ ಇನ್ನೊಂದು ಮಗ್ಗುಲೂ ಇದೆ. ಅವರು ದೊರೆಗಳ ಖಜಾನೆಯ ಬಲದಿಂದ ನಡೆದವರು. ಇಬ್ನ್ ಬತೂತ 1326ರಲ್ಲಿ ದಮಾಸ್ಕಸ್‌ನಲ್ಲಿ ಗರ್ಭಿಣಿ ಹೆಂಡತಿಯನ್ನು ಬಿಟ್ಟು ಮುಂದೆ ಸಾಗಿದ. 1348ರಲ್ಲಿ ಮತ್ತೆ ಆ ಊರಿಗೆ ಬಂದು ವಿಚಾರಿಸಿದಾಗ, ತಾನು ಒಮ್ಮೆಯೂ ಕಾಣದ ಮಗ ಎಷ್ಟೋ ವರ್ಷಗಳ ಹಿಂದೆಯೇ ತೀರಿಕೊಂಡಿದ್ದ. ಆ ಪ್ರವಾಸದಿಂದ ಜಗತ್ತಿಗೆ ಒಂದು ಮಹಾಗ್ರಂಥ ದಕ್ಕಿತು. ಅದರ ಬೆಲೆಯ ಒಂದು ಪಾಲನ್ನು ತೆತ್ತವಳು ಆ ಹೆಂಗಸು. ಅವಳ ಪ್ರವಾಸಕಥನವನ್ನು ಯಾರೂ ಬರೆಯಲಿಲ್ಲ.

ಈ ದೃಷ್ಟಿಯಿಂದ, ಇಡೀ ಕುಟುಂಬ ಒಟ್ಟಿಗೆ ಹೋಗುವ ಪ್ರವಾಸ ಒಂದು ದೊಡ್ಡ ಬದಲಾವಣೆಯೇ ಸರಿ. ನಮ್ಮ ಅಜ್ಜಿ ಇಷ್ಟು ವರ್ಷಗಳಲ್ಲಿ ನೋಡಿದ್ದು ಆದೋನಿ, ರಾಯಚೂರುಗಳ ಮದುವೆಮನೆಗಳನ್ನು ಮತ್ತು ಬೆಂಗಳೂರಿನ ಒಂದು ಆಸ್ಪತ್ರೆಯನ್ನು. ಅವರೂ ಲೋಕ ನೋಡಲಿ ಎನ್ನುವುದು ದುಂದುವೆಚ್ಚವಲ್ಲ.

ಹಜ್ ಕಲಿಸುವ ಲೆಕ್ಕ

ದುಡ್ಡು ನಮ್ಮದು, ಹೇಗಾದರೂ ಖರ್ಚು ಮಾಡುತ್ತೇವೆ ಎನ್ನುವುದು ಇನ್ನೊಂದು ತುದಿಯ ವಾದ. ಇದಕ್ಕೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಪ್ರಯಾಣಗಳಲ್ಲೆಲ್ಲ ಶ್ರೇಷ್ಠವೆಂದು ಮುಸ್ಲಿಮರು ನಂಬುವ ಹಜ್ ಯಾತ್ರೆಯೇ ಎಲ್ಲರ ಮೇಲೂ ಕಡ್ಡಾಯವಲ್ಲ. ಸಾಮರ್ಥ್ಯ ಇರುವವರ ಮೇಲೆ ಮಾತ್ರ. ಸಾಮರ್ಥ್ಯ ಎಂದರೆ ಬರೀ ದಾರಿಖರ್ಚಲ್ಲ. ಸಾಲ ತೀರಿರಬೇಕು. ಮರಳಿ ಬರುವವರೆಗೆ ನಮ್ಮನ್ನು ಅವಲಂಬಿಸಿದವರಿಗೆ ಅನ್ನ, ಬಟ್ಟೆಯ ವ್ಯವಸ್ಥೆ ಆಗಿರಬೇಕು. ಹೋಗುವವನ ಭಕ್ತಿ ಎಷ್ಟೇ ದೊಡ್ಡದಿರಲಿ, ಮನೆಯಲ್ಲಿ ಉಳಿದವರ ಹಸಿವು ಮೊದಲು ಲೆಕ್ಕಕ್ಕೆ ಬರುತ್ತದೆ. ಆರಾಧನೆಯ ಪ್ರಯಾಣಕ್ಕೇ ಈ ನಿಯಮವಾದರೆ ಸಂತೋಷದ ಪ್ರಯಾಣಕ್ಕೆ ಇದಕ್ಕಿಂತ ಸಡಿಲವಾದ ನಿಯಮ ಇರಲು ಹೇಗೆ ಸಾಧ್ಯ?

ನಾವು ಹೋಗಬೇಕೆಂದಿರುವ ಮಲೇಷ್ಯಾದಲ್ಲೇ ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. ಅಲ್ಲಿಯ ಹಳ್ಳಿಗರು ಹಿಂದೆ ಹಜ್‌ಗಾಗಿ ಹೊಲ, ಜಾನುವಾರು ಮಾರುತ್ತಿದ್ದರು. ಬಡ್ಡಿಯ ಭಯದಿಂದ ಬ್ಯಾಂಕಿಗೆ ಹೋಗದೆ ಹಣವನ್ನು ಮನೆಯಲ್ಲೇ ಬಚ್ಚಿಡುತ್ತಿದ್ದರು. ಯಾತ್ರೆ ಮುಗಿಸಿ ಬಂದ ಮೇಲೆ ಜೀವನೋಪಾಯವೇ ಇರುತ್ತಿರಲಿಲ್ಲ. ಇದನ್ನು ಕಂಡ ಅರ್ಥಶಾಸ್ತ್ರಜ್ಞ ಉಂಕು ಅಜೀಜ್ 1959ರಲ್ಲಿ, ಬಡ್ಡಿಯಿಲ್ಲದ ಒಂದು ಉಳಿತಾಯ ಸಂಸ್ಥೆಯ ಪ್ರಸ್ತಾಪವನ್ನು ಮುಂದಿಟ್ಟರು. 1963ರಲ್ಲಿ ಅದು ಕಾರ್ಯರೂಪಕ್ಕೆ ಬಂತು. ಅದೇ ಇಂದಿನ ತಾಬುಂಗ್ ಹಾಜಿ. ಹೊಲ ಮಾರಿ ಒಮ್ಮೆಲೇ ಹೋಗುವುದಕ್ಕೆ ಬದಲಾಗಿ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಕೂಡಿಡುವುದು ಅದರ ತಿರುಳು.

ನಮ್ಮ ಕರ್ನಾಟಕಕ್ಕೂ ಈ ಪಾಠ ಹೊಸದಲ್ಲ. ಉಡುಪಿಯಲ್ಲಿ 1925ರಲ್ಲಿ ನೇಕಾರರ ನೆರವಿಗೆಂದು ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದರು. ಬಡ್ಡಿಯ ಪ್ರಶ್ನೆ ಬೇರೆ. ಆದರೆ ಬಡವನ ಸಣ್ಣ ಉಳಿತಾಯಕ್ಕೂ ಘನತೆಯಿದೆ ಎಂಬ ತಿಳುವಳಿಕೆ ಎರಡೂ ಕಡೆ ಒಂದೇ. ನಿಧಾನವಾಗಿ ಕೂಡುವ ಹಣ ಯಾರ ಮೇಲೂ ಭಾರವಾಗುವುದಿಲ್ಲ. ಅವಸರದ ಉಳಿತಾಯ ಮಾತ್ರ ಯಾರದಾದರೂ ತಟ್ಟೆಗೆ ಕೈ ಹಾಕುತ್ತದೆ.

ಅಗ್ಗ ಎಂಬ ಮಾತು

ಹಾಗೆಂದು, ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡ ಮಾತ್ರಕ್ಕೆ ಜೀವನಪರ್ಯಂತ ಇಟ್ಟುಕೊಳ್ಳಬೇಕೇ ಎಂದು ಓದುಗರು ಕೇಳಬಹುದು. ಖಂಡಿತ ಇಲ್ಲ. ನಮ್ಮ ಸಂಬಳವೇ ನಿಂತಿದ್ದರೆ ಆಕೆಯನ್ನು ಬಿಡಿಸುವುದು ಅನಿವಾರ್ಯವಾಗುತ್ತಿತ್ತು, ಅದನ್ನು ಆಕೆಯೂ ಅರ್ಥ ಮಾಡಿಕೊಳ್ಳುತ್ತಿದ್ದಳು. ನಮಗೆ ಬಂದ ಕಷ್ಟದಲ್ಲಿ ಇನ್ನೊಬ್ಬರಿಗೂ ಪಾಲು ಹೋಗುವುದು ಬೇರೆ. ನಮ್ಮ ಸುಖಕ್ಕಾಗಿ ಇನ್ನೊಬ್ಬರಿಗೆ ಕಷ್ಟ ಹುಟ್ಟಿಸುವುದು ಬೇರೆ. ಮೊದಲನೆಯದು ವಿಧಿ. ಎರಡನೆಯದು ನಮ್ಮ ಆಯ್ಕೆ, ಆದ್ದರಿಂದ ಅದರ ಹೊಣೆಯೂ ನಮ್ಮದೇ.

ಈ ಮಾತು ಬಳ್ಳಾರಿಯವರಿಗೆ ಬೇಗ ಅರ್ಥವಾಗಬೇಕು. ನಮ್ಮ ಊರು ಜೀನ್ಸ್‌ಗೆ ಹೆಸರಾದದ್ದು. ಇಲ್ಲಿಯ ಎಷ್ಟೋ ಮನೆಗಳಲ್ಲಿ ಹೊಲಿಗೆ ಯಂತ್ರದ ಸದ್ದೇ ಹೊಟ್ಟೆಪಾಡು. ಕೂಲಿ ಸಿಗುವುದು ಪೀಸಿನ ಲೆಕ್ಕದಲ್ಲಿ. ದೂರದ ಪೇಟೆಯಲ್ಲಿ ಒಬ್ಬರು ಚೌಕಾಶಿ ಮಾಡಿ ಪ್ಯಾಂಟನ್ನು ಅಗ್ಗಕ್ಕೆ ಕೊಂಡು ಖುಷಿಪಟ್ಟರೆ, ಆ ಅಗ್ಗದ ಒಂದಂಶ ಇಲ್ಲಿಯ ಯಾವುದೋ ಮನೆಯ ಕೂಲಿಯಿಂದ ಹೋಗಿರುತ್ತದೆ. ನಾಳೆ ನಾವು ಪೆನಾಂಗಿನಲ್ಲಿ ಅಗ್ಗದ ಕೋಣೆ, ಅಗ್ಗದ ಊಟ ಹುಡುಕುವಾಗ ನಾವೇ ಆ ದೂರದ ಗಿರಾಕಿಗಳು. ಅಲ್ಲಿ ಕೋಣೆ ಗುಡಿಸುವವಳು, ರಾತ್ರಿಯಿಡೀ ಬಸ್ ಓಡಿಸುವವನು ನಮ್ಮ ಓಣಿಯವರಂತೆಯೇ ಇರುತ್ತಾರೆ. ಮಿತವ್ಯಯ ಎಂದರೆ ನಾವು ಕಡಿಮೆ ಬಳಸುವುದು. ಇನ್ನೊಬ್ಬರಿಗೆ ಕಡಿಮೆ ಕೊಡುವುದು ಮಿತವ್ಯಯವಲ್ಲ. ದೊಡ್ಡ ಹೋಟೆಲ್ ಬಿಟ್ಟು ಸಣ್ಣ ಕೋಣೆಯಲ್ಲಿ ತಂಗೋಣ, ಟ್ಯಾಕ್ಸಿ ಬಿಟ್ಟು ಬಸ್ ಹತ್ತೋಣ. ಆದರೆ ಬೀದಿಬದಿಯ ಮುದುಕಿಯೊಂದಿಗೆ ಹತ್ತು ರೂಪಾಯಿಗೆ ಜಗಳವಾಡಿ ಅದನ್ನು ಉಳಿತಾಯ ಎಂದು ಬರೆದುಕೊಳ್ಳುವುದು ಬೇಡ.

ಸರದಿ

ಕೊನೆಗೆ ನಾವು ಮಾಡಿದ್ದಿಷ್ಟು. ಕೆಲಸದಾಕೆಯನ್ನು ಕರೆದು, ಮುನ್ಸೂಚನೆಯಿಲ್ಲದೆ ಬಿಡಿಸಿದ್ದಕ್ಕೆ ಒಂದು ತಿಂಗಳ ಸಂಬಳ ಕೊಟ್ಟೆವು. ಅಷ್ಟರಲ್ಲಿ ಬೆಳಗಿನ ಹೊತ್ತಿಗೆ ಆಕೆ ಬೇರೆ ಮನೆ ಹಿಡಿದಿದ್ದಳು. ಮಧ್ಯಾಹ್ನ ಬರಲು ಒಪ್ಪಿದಳು. "ಇನ್ನೊಮ್ಮೆ ಬಿಡ್ಸಾದಿದ್ರ ಎರಡು ತಿಂಗಳು ಮೊದ್ಲ ಹೇಳ್ರಿ" ಎಂದಳು. ನ್ಯಾಯವಾದ ಮಾತು. ಮಗಳ ತರಗತಿ, ದಾನದ ಹಣ, ಅಜ್ಜಿಯ ಕೈಖರ್ಚು ಮರಳಿ ಬಂದವು. ಹಾಲು, ಹಣ್ಣಿನ ಕಡಿತ ಅರ್ಧಕ್ಕೆ ಇಳಿಯಿತು. ಬಟ್ಟೆಯ ಕಡಿತ ಹಾಗೇ ಉಳಿಯಿತು. ಹೋಟೆಲ್, ಪೆಟ್ರೋಲ್, ಮೊಬೈಲ್ ಮೊದಲ ಬಾರಿಗೆ ಪಟ್ಟಿ ಸೇರಿದವು. ಹೀಗೆ ತಿಂಗಳಿಗೆ ಕೂಡುವುದು 4,000. ಥಾಯ್ಲೆಂಡನ್ನು ಕೈಬಿಟ್ಟು ಮೊತ್ತವನ್ನು 1,80,000ಕ್ಕೆ ಇಳಿಸಿದೆವು. ಕೈಯಲ್ಲಿದ್ದ 22,000 ಕಳೆದರೆ, 27 ತಿಂಗಳಲ್ಲಿ ಮುಗಿಯಬೇಕಿದ್ದ ಉಳಿತಾಯಕ್ಕೆ ಇನ್ನು 40 ತಿಂಗಳು ಬೇಕು.

ಮಗ ಮುಖ ಸಣ್ಣದು ಮಾಡಿಕೊಂಡ. ಅಷ್ಟು ಹೊತ್ತಿಗೆ ಅವನಿಗೆ ಕಾಲೇಜಿನ ಚಿಂತೆ. ಅಜ್ಜಿಗೆ ಅಷ್ಟು ದೂರ ಹೋಗುವ ಶಕ್ತಿ ಉಳಿದೀತೇ ಎಂಬುದು ಅದಕ್ಕಿಂತ ದೊಡ್ಡ ಚಿಂತೆ. ನಿಮಗೆ ಏನು ನೋಡಬೇಕು ಎಂದು ಅವರನ್ನು ಆಗಲೇ ಮೊದಲ ಬಾರಿಗೆ ಕೇಳಿದೆವು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಹಜ್‌ನ ಮಾತು ಬಂದಾಗ ಅವರು, ಅಷ್ಟು ಹಣ ತಮ್ಮಲ್ಲಿಲ್ಲ, ಆದ್ದರಿಂದ ಅದು ತಮ್ಮ ಮೇಲೆ ಕಡ್ಡಾಯವಾಗಿಲ್ಲ ಎಂದರು. ಅವರೊಬ್ಬರ ಹಜ್‌ಗೇ ನಮ್ಮ ಇಡೀ ಪ್ರವಾಸದ ಮೊತ್ತಕ್ಕಿಂತ ಹೆಚ್ಚು ಬೇಕು. ಧರ್ಮದ ಲೆಕ್ಕದಲ್ಲಿ ಅವರ ಮಾತು ಸರಿ. ಆದರೂ ಅದನ್ನು ಕೇಳಿ ನಮಗೆ ಸಮಾಧಾನವಾಯಿತೆಂದು ಹೇಳಲಾರೆವು. ಆಮೇಲೆ ಅವರು, "ನಾನು ಸಮುದ್ರ ನೋಡಿಲ್ಲ. ಅದೊಂದು ತೋರಿಸಿಬಿಡಿ" ಎಂದರು. ಅದಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ. ಮಳೆಗಾಲ ಮುಗಿದೊಡನೆ ಹೊನ್ನಾವರಕ್ಕೆ ಹೋಗಿ ಬರುವುದೆಂದು ನಿಶ್ಚಯಿಸಿದ್ದೇವೆ. ಆ ಖರ್ಚಿನಿಂದ 40 ತಿಂಗಳು 43 ಆದರೂ ಆಗಲಿ.

ಈ ಹಣದಿಂದ ಒಬ್ಬ ಬಡ ಹುಡುಗಿಯ ಓದು ಸಾಗುತ್ತಿತ್ತಲ್ಲವೇ ಎಂಬ ಪ್ರಶ್ನೆ ಇನ್ನೂ ನಮ್ಮ ಮುಂದಿದೆ. ಅದಕ್ಕೆ ಪೂರ್ಣ ಉತ್ತರ ನಮ್ಮಲ್ಲಿಲ್ಲ. ಲೋಕದ ಹಸಿವೆಲ್ಲ ತೀರುವವರೆಗೆ ಯಾರೂ ನಗಬಾರದು ಎಂಬ ನಿಯಮ ಮಾಡಿದರೆ, ಅದು ಸಿರಿವಂತರಿಗೆ ತಟ್ಟುವುದಿಲ್ಲ, ನಮ್ಮಂಥ ಸಣ್ಣ ಮನೆಗಳ ನಗುವನ್ನು ಮಾತ್ರ ಕಸಿಯುತ್ತದೆ. ಸಂತೋಷಕ್ಕೂ ಜೀವನದಲ್ಲಿ ಹಕ್ಕಿದೆ. ಆದರೆ ಅದು ಸರದಿಯಲ್ಲಿ ನಿಲ್ಲಬೇಕು. ದುಡಿದವರ ಕೂಲಿ ಮೊದಲು, ಸಾಲ ಆಮೇಲೆ, ನಮ್ಮ ಗಳಿಕೆಯಲ್ಲಿ ಬಡವರಿಗಿರುವ ಪಾಲು ಅದರ ನಂತರ. ಇವೆಲ್ಲ ಮುಗಿದ ಮೇಲೆ ಬರುವ ಸಂತೋಷವನ್ನು ಯಾರ ಮುಂದೆಯೂ ಮುಚ್ಚಿಡಬೇಕಾಗಿಲ್ಲ.

ನೀವೂ ಒಂದು ಪ್ರವಾಸಕ್ಕೆಂದು ಹಣ ಕೂಡಿಸುತ್ತಿದ್ದರೆ ನಿಮ್ಮ ಲೆಕ್ಕದ ಪುಸ್ತಕದಲ್ಲಿ ಯಾರಿಂದ ಎಂಬ ಒಂದು ಕಾಲಂ ಎಳೆಯಿರಿ. ಅದರಲ್ಲಿ ಬರುವ ಹೆಸರುಗಳನ್ನು ಮನೆಯವರೆಲ್ಲರ ಮುಂದೆ ಗಟ್ಟಿಯಾಗಿ ಓದಿ. ಆ ಹೆಸರಿನವರು ಎದುರಿಗೆ ಬಂದು ನಿಂತಾಗ ತಲೆತಗ್ಗಿಸದೆ ಮಾತಾಡಬಲ್ಲಿರಾದರೆ, ನಿಶ್ಚಿಂತೆಯಿಂದ ಟಿಕೆಟ್ ಕಾದಿರಿಸಿ.